ಪದ್ಮಿನಿಯೊಳಗೆ ಜೆಂಕಿನ್ಸನ್ ಪೆಟ್ಟಿಗೆ: ನನ್ನ ಅನುಭವ

ಹಿಂದಿನ ವರ್ಷ ನಮ್ಮ ಹಳೇ ಕಾರುಗಳ ರೆಗ್ಯುಲಾರಿಟಿ ಓಟದಲ್ಲಿ (ಜೋರಾಗಿ ಓಡಿಸುವುದಲ್ಲ, ಗೊತ್ತುಮಾಡಿದ ಸರಾಸರಿ ವೇಗಕ್ಕೆ ಸರಿಯಾಗಿ ಓಡಿಸುವ ಪಂದ್ಯ) ನಾವು ಹದಿನಾಲ್ಕನೆಯವರು. ಈ ಸಲ ಎರಡನೆಯವರು. ಕಾರು ಅದೇ ಪ್ರೀಮಿಯರ್ ಪದ್ಮಿನಿ, ಓಡಿಸಿದ್ದು ಅದೇ ನಮ್ಮ ಭಾವ, ಪಕ್ಕದಲ್ಲಿ ಕೂತು ದಾರಿ ಹೇಳಿದ ನಾನೂ ಅದೇ. ಹೊಸದು ಅಂದರೆ ನನ್ನ ತೊಡೆ ಮೇಲಿದ್ದ ಅಲ್ಯುಮಿನಿಯಂ ಪೆಟ್ಟಿಗೆ ಒಂದೇ, ಒಳಗೆ ದಾರಿಯ ತಿರುವುಗಳನ್ನು ಬರೆದ ಕಾಗದದ ಸುರುಳಿ. "ಏನ್ ಸಾರ್, ಯಾರ ಜಾತಕ ಇದು?" ಅಂತ ಸ್ಟಾರ್ಟಿನಲ್ಲಿ ನಕ್ಕವರು ಸಂಜೆ ಬಂದು ಫೋಟೋ ತೆಗೆದುಕೊಂಡು ಹೋದರು. ಹಾಗಾಗಿ ಬರೆಯುತ್ತಿದ್ದೇನೆ.

ಯೋಚನೆ ನನ್ನದಲ್ಲ. 1955ರ ಮೇ 1ರ ಮಿಲ್ಲೆ ಮಿಲ್ಯಾ, ಇಟಲಿಯ ರಸ್ತೆಗಳಲ್ಲಿ ನಡೆದ ಕಾರ್ ಓಟ, ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಬ್ರೆಶಾದಿಂದ ರೋಮ್, ಅಲ್ಲಿಂದ ತಿರುಗಿ ಬ್ರೆಶಾ. ಸಾವಿರ ಮೈಲಿಗೆ ಒಂಚೂರು ಕಮ್ಮಿ. ಮರ್ಸಿಡಿಸ್ 300 ಎಸ್‌ಎಲ್‌ಆರ್, ನಂಬರ್ 722. ಬೆಳಗ್ಗೆ 7.22ಕ್ಕೆ ಹೊರಟಿದ್ದರಿಂದ ಆ ನಂಬರ್. ಸ್ಟಿಯರಿಂಗ್ ಹಿಂದೆ ಸ್ಟರ್ಲಿಂಗ್ ಮಾಸ್, ಪಕ್ಕದಲ್ಲಿ ಗಡ್ಡದ ಪತ್ರಕರ್ತ ಡೆನಿಸ್ ಜೆಂಕಿನ್ಸನ್. 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿದರು. ಸರಾಸರಿ ಗಂಟೆಗೆ 157 ಕಿ.ಮೀ. ದಾಟಿತ್ತು. ಅಂಥದೇ ಕಾರಿನಲ್ಲಿ ಒಬ್ಬರೇ ಬಂದ ಫಾಂಜಿಯೊ ಎರಡನೆಯವರು, ಅದೂ ಅರ್ಧ ಗಂಟೆಗಿಂತ ಜಾಸ್ತಿ ಹಿಂದೆ. ಜೆಂಕಿನ್ಸನ್ ಕೈಯಲ್ಲಿದ್ದದ್ದು ಒಂದು ಪೆಟ್ಟಿಗೆ, ಅದರೊಳಗೆ ದಾರಿಯ ತಿರುವುಗಳ ನೋಟ್ಸ್ ಬರೆದ ಸುಮಾರು 18 ಅಡಿ ಕಾಗದದ ಸುರುಳಿ. ಎರಡು ರೋಲರ್, ಒಂದು ಪುಟ್ಟ ಕಿಟಕಿ, ಅಷ್ಟೇ. ಮಾತು ಕೇಳಿಸದ ಗದ್ದಲದಲ್ಲಿ ಎಲ್ಲಾ ಕೈಸನ್ನೆಯಲ್ಲೇ.

ನಮ್ಮದು ಹೆಚ್ಚೂಕಮ್ಮಿ ಅದರ ಕಾಲು ಭಾಗದ ವೇಗ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ರಸ್ತೆಗಳು, ಸರಾಸರಿ ಮೂವತ್ತೈದೋ ನಲವತ್ತೋ. ದಾರಿಯನ್ನು ಒಂದು ವಾರ ಮೊದಲೇ ಕೊಡುತ್ತಾರೆ. ನಮ್ಮ ಕಷ್ಟ ಬೇರೆ. ಪದ್ಮಿನಿಯ ಸೈಲೆನ್ಸರ್ ಹೆಸರಿಗಷ್ಟೇ ಇದೆ. ಅದರ ಮೇಲೆ ಭಾವನಿಗೆ ಎಡಗಿವಿ ಸ್ವಲ್ಪ ಮಂದ, ನಾನು ಕೂರುವುದು ಎಡಕ್ಕೇ! "ಎಡ" ಅಂದರೆ "ಏನು?" ಅನ್ನುತ್ತಿದ್ದರು, ಅಷ್ಟರಲ್ಲಿ ತಿರುವು ಮುಗಿದಿರುತ್ತಿತ್ತು. ಟ್ಯಾಬ್ಲೆಟ್ ಇಟ್ಟುಕೊಳ್ಳಿ ಅಂತ ಎಲ್ಲರೂ ಹೇಳಿದರು. ಇಟ್ಟೆ. ಬಿಸಿಲಿಗೆ ಏನೂ ಕಾಣಿಸಲ್ಲ, ಬೆರಳು ತಾಗಿದರೆ ಪುಟ ಎಲ್ಲಿಗೋ ಹಾರುತ್ತದೆ.

ಮೊದಲ ಪೆಟ್ಟಿಗೆ ಪ್ಲೈವುಡ್ಡಿನದು. ಕಾಗದಕ್ಕೆ ಅಂಗಡಿಯ ಬಿಲ್ ರೋಲ್ ತಂದೆ. ಒಂದು ರೋಲಿಗೆ ಇಪ್ಪತ್ತು ರೂಪಾಯಿಯೋ ಏನೋ, ಬಿಲ್ ಮೆಷಿನ್ನಲ್ಲೇ ನೋಟ್ಸ್ ಪ್ರಿಂಟ್ ಹೊಡೆದೆ. ನನ್ನಷ್ಟು ಬುದ್ಧಿವಂತ ಇಲ್ಲ ಅಂದುಕೊಂಡೆ. ಟ್ರಯಲ್ ದಿನ ಊಟಕ್ಕೆ ನಿಲ್ಲಿಸಿ ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು ಹೋದೆ. ವಾಪಸ್ ಬಂದರೆ ಕಿಟಕಿಯಲ್ಲಿ ಕಾಣುತ್ತಿದ್ದ ಅಷ್ಟೂ ಭಾಗ ಬೂದಿ ಬಣ್ಣ, ಅಕ್ಷರವೂ ಕಪ್ಪು ಹಿನ್ನೆಲೆಯೂ ಕಪ್ಪು. ಅದು ಶಾಖಕ್ಕೆ ಕಪ್ಪಾಗುವ ಕಾಗದ ಅಲ್ವಾ, ಅಷ್ಟೂ ಹೊಳೆದಿರಲಿಲ್ಲ. ಆಮೇಲೆ ಟ್ರೇಸಿಂಗ್ ಪೇಪರ್. ತೇವಕ್ಕೆ ಅಲೆಅಲೆಯಾಗಿ ಎದ್ದು ರೋಲರಿನ ಅಂಚಿಗೆ ಸಿಕ್ಕಿ ಹರಿಯಿತು. ಈಗಿರುವುದು ಸಾಧಾರಣ ದಪ್ಪ ಕಾಗದ, ನಾಲ್ಕು ಇಂಚು ಅಗಲಕ್ಕೆ ಕತ್ತರಿಸಿ ಅಂಟಿಸಿದ್ದು, ಹನ್ನೊಂದು ಅಡಿ ಚಿಲ್ಲರೆ. ಬರೆದಿದ್ದು ಪೆನ್ಸಿಲ್ಲಿನಲ್ಲಿ.

ಈಗಿನ ಪೆಟ್ಟಿಗೆಗೆ ಕಿಟಕಿ ಕೆಲಸದವರ ಹತ್ತಿರ ಉಳಿದ ಅಲ್ಯುಮಿನಿಯಂ ತುಂಡು, ಮೇಲೆ ಅಕ್ರಿಲಿಕ್ ಹಾಳೆ. ರೋಲರುಗಳು? ಮನೆಯ ಲಟ್ಟಣಿಗೆಯನ್ನೇ ಎರಡು ತುಂಡು ಮಾಡಿದ್ದು. ತಿರುಗಿಸಲು ಹಳೇ ರೇಡಿಯೋದ ನಾಬ್. ಗುಂಡಿ ರಸ್ತೆಯಲ್ಲಿ ಕುಲುಕಿದರೂ ಸುರುಳಿ ಸಡಿಲವಾಗದಂತೆ ಒಳಗೆ ಒಂದು ಸಣ್ಣ ವ್ಯವಸ್ಥೆ ಮಾಡಿದ್ದೇನೆ. ಅದು ಇಲ್ಲಿ ಬೇಡ, ಮುಂದಿನ ಓಟ ಮುಗಿಯಲಿ. ಕೆಟ್ಟು ಹೋದ ಎರಡು ಪ್ರಯತ್ನಕ್ಕೂ ಸೇರಿ ಮೂರೂವರೆ ಸಾವಿರ ಹೋಗಿರಬೇಕು, ಸರಿಯಾದ ಈ ಒಂದಕ್ಕೆ ಒಂಬೈನೂರರ ಒಳಗೆ. ಹೊಸ ಲಟ್ಟಣಿಗೆಯ ದುಡ್ಡು ಈ ಲೆಕ್ಕದಲ್ಲಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ರಸ್ತೆ ಮುಂದಕ್ಕೆ ಹೋಗುತ್ತದೆ, ಮುಂದೆ ಅಂದರೆ ಮೇಲೆ, ಹಾಗಾಗಿ ನೋಟ್ಸನ್ನೂ ಕೆಳಗಿಂದ ಮೇಲಕ್ಕೆ ಬರೆದರೆ ಹೇಗೆ ಅಂತ. ಕೇಳಲು ಚೆನ್ನಾಗಿದೆ. ಇಪ್ಪತ್ತು ಕಿಲೋಮೀಟರಿಗೆ ತಲೆ ಗಿರ್ ಅಂತು. ಓದುವ ಅಭ್ಯಾಸ ಸುಮ್ನೆ ಬಿಟ್ಟು ಹೋಗಲ್ಲ.

ಕೈಸನ್ನೆ ಕಲಿಯಲು ಒಂದು ತಿಂಗಳು ಹಿಡಿಯಿತು. ಮಾಸ್-ಜೆಂಕಿನ್ಸನ್ ಅವರದು ಹದಿನೈದು ಸನ್ನೆಯಂತೆ, ನಾವು ಏಳಕ್ಕೆ ಇಳಿಸಿದೆವು. ಜೆಂಕಿನ್ಸನ್ ಕಷ್ಟದ ತಿರುವುಗಳನ್ನು ಮೂರು ದರ್ಜೆ ಮಾಡಿದ್ದರು. ನಮ್ಮ ಸುರುಳಿಯಲ್ಲಿ ಅವು ತುಂಟ, ಮೋಸ, ಯಮ. ಯಮ ಬಂದರೆ ಮುಷ್ಟಿ. ಎಡವಟ್ಟಾದದ್ದು ಎಲ್ಲಿ ಗೊತ್ತಾ? ಎಸ್‌ಎಲ್‌ಆರ್‌ನಲ್ಲಿ ಓಡಿಸುವವರು ಎಡಕ್ಕೆ, ನಮ್ಮಲ್ಲಿ ಬಲಕ್ಕೆ. ಪದ್ಮಿನಿಯ ಗೇರ್ ಬೇರೆ ಸ್ಟಿಯರಿಂಗ್ ಪಕ್ಕದಲ್ಲೇ. ನಾನು ಮುಷ್ಟಿ ಚಾಚಿದ ಹೊತ್ತಿಗೇ ಭಾವ ಮೂರರಿಂದ ಎರಡಕ್ಕೆ ಎಳೆದರು. ಅವರ ಗೆಣ್ಣು, ನನ್ನ ಗೆಣ್ಣು, ನಡುವೆ ಗೇರ್ ಕಡ್ಡಿ. ಯಮ ಸ್ವತಃ ಬಂದಿದ್ದರೂ ಅಷ್ಟು ಬೈಗುಳ ಕೇಳುತ್ತಿರಲಿಲ್ಲ. ಈಗ ಸನ್ನೆಯೆಲ್ಲ ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಹತ್ತಿರ. ಅವರು ರಸ್ತೆಯಿಂದ ಕಣ್ಣು ತೆಗೆಯದೆ ನೋಡಬಹುದು.

ಇನ್ನೊಂದು ಪಾಠ ದುಬಾರಿ ಬಿತ್ತು. ಜೆಂಕಿನ್ಸನ್ ಕಿಲೋಮೀಟರ್ ಕಲ್ಲು ನೋಡಿ ಲೆಕ್ಕ ಸರಿಮಾಡಿಕೊಳ್ಳುತ್ತಿದ್ದರು. ನಮ್ಮ ಕಡೆ ರಸ್ತೆ ಅಗಲ ಮಾಡಿದ ಮೇಲೆ ಅರ್ಧ ಕಲ್ಲೇ ಇಲ್ಲ. ನಾನು ಸೇತುವೆ, ಬಸ್ ನಿಲ್ದಾಣ, "ನೀಲಿ ಬಾಗಿಲ ಹೋಟೆಲ್" ಅಂತೆಲ್ಲ ಬರೆದುಕೊಂಡಿದ್ದೆ. ಓಟದ ದಿನ ನೋಡಿದರೆ ನೀಲಿ ಬಾಗಿಲೇ ಇಲ್ಲ. ಆಯುಧಪೂಜೆಗೆ ಹಸಿರು ಬಳಿದಿದ್ದರು. ಮುಂದೆ ಮೂರು ಕಿ.ಮೀ. ಹೋಗಿ ತಿರುಗಿ ಬಂದೆವು. ಮೊದಲ ಸ್ಥಾನ ಹೋಗಿದ್ದು ಅಲ್ಲೇ ಅಂತ ನಾನು ಹೇಳುತ್ತೇನೆ. ಭಾವ ಬೇರೆ ಹೇಳುತ್ತಾರೆ, ಬಿಡಿ.

ಹೊಟ್ಟೆಯ ವಿಷಯ ಹೇಳಲೇಬೇಕು. ತಲೆ ತಗ್ಗಿಸಿ ಓದುತ್ತಾ ತಿರುವಿನಲ್ಲಿ ಕೂತರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಜೆಂಕಿನ್ಸನ್ 1949ರಲ್ಲಿ ಸೈಡ್‌ಕಾರ್ ವಿಶ್ವ ಚಾಂಪಿಯನ್ ಜೋಡಿಯಲ್ಲಿದ್ದ ಮನುಷ್ಯ. ಅವರೇ ಮಿಲ್ಲೆ ಮಿಲ್ಯಾದಲ್ಲಿ ಹೊರಗೆ ಬಗ್ಗಿ ವಾಂತಿ ಮಾಡುವಾಗ ಕನ್ನಡಕ ಗಾಳಿಗೆ ಹಾರಿ ಹೋಯಿತು. ಪುಣ್ಯಕ್ಕೆ ಇನ್ನೊಂದು ಇಟ್ಟುಕೊಂಡಿದ್ದರು. ನಾನು ಕನ್ನಡಕಕ್ಕೆ ದಾರ ಕಟ್ಟಿಕೊಂಡೆ, ಅದು ಉಳಿಯಿತು. ಬೆಳಗಿನ ಇಡ್ಲಿ ಉಳಿಯಲಿಲ್ಲ. ಈಗ ಬರೀ ಅವಲಕ್ಕಿ, ಅದೂ ಹೊರಡುವ ಎರಡು ಗಂಟೆ ಮೊದಲು.

ಉಳಿದಿರುವ ತಲೆನೋವು ಮಂಜು. ಮಳೆಗೆ ಅಂತ ಪೆಟ್ಟಿಗೆಯ ಅಂಚಿಗೆಲ್ಲ ಟೇಪ್ ಸುತ್ತಿದ್ದೆ, ಜೆಂಕಿನ್ಸನ್ ಕೂಡ ಹಾಗೇ ಮಾಡಿದ್ದರು. ಆದರೆ ನಮ್ಮ ಮಲೆನಾಡಿನ ಕಾಗದ ಒಳಗೆ ಹೋಗುವಾಗಲೇ ಒದ್ದೆ. ಬೆಳಗಿನ ಚಳಿಗೆ ಅಕ್ರಿಲಿಕ್ಕಿನ ಒಳಮೈಗೆ ಬೆವರು ಕೂತು ಹತ್ತು ನಿಮಿಷ ಏನೂ ಕಾಣಲಿಲ್ಲ. ಶೂ ಡಬ್ಬಿಯಲ್ಲಿ ಬರುವ, ತೇವ ಹೀರುವ ಆ ಸಣ್ಣ ಬಿಳಿ ಪೊಟ್ಟಣಗಳನ್ನು ಈಗ ಕೂಡಿಡುತ್ತಿದ್ದೇನೆ. ಆರು ಸಿಕ್ಕಿವೆ.