ಅಟ್ಟದ ಅಕ್ಕಿಯಾ, ಅಂಗಡಿಯ ಅಕ್ಕಿಯಾ?

ಉಡುಪಿ ಹತ್ತಿರದ ಲ್ಯಾಬ್, ಜುಲೈ ಮಳೆ. ಹಿಸ್ಟಮಿನ್ ಎಂಬ ಸಂಕೇತದ ಅಣು ಹಾಕಿದಾಗ ಮಾತ್ರ ಮಿನುಗಬೇಕಾದ ನನ್ನ ಹೀಲಾ ಕೋಶಗಳು (ಲ್ಯಾಬ್‌ನಲ್ಲಿ ಬೆಳೆಸುವ ಮನುಷ್ಯರ ಕೋಶಗಳು) ಬರೀ ಬಫರ್, ಅಂದರೆ ಉಪ್ಪಿನ ದ್ರಾವಣ, ಹಾಕಿದರೂ ಹಸಿರಾಗಿ ಮಿನುಗುತ್ತಿದ್ದವು. ಒಂದು ವಾರ ಇದೇ ಕಥೆ. ಬಣ್ಣ ಫ್ಲೂವೋ-4, ಕ್ಯಾಲ್ಸಿಯಂ ಏರಿದರೆ ಹೊಳೆಯುತ್ತದೆ.

ಹಿಸ್ಟಮಿನ್ ಕೋಶದ ಒಳಗೆ ಹೋಗಬೇಕಾಗಿಲ್ಲ. ಹೊರಗೆ ಬಾಗಿಲು ತಟ್ಟಿದರೆ ಸಾಕು. ಪೊರೆಯ ಒಂದು ಕೊಬ್ಬಿನ ಅಣು ತುಂಡಾಗಿ ಐಪಿ3 ಎಂಬ ಪುಟ್ಟ ಅಣು ಹುಟ್ಟುತ್ತದೆ. ಅದು ಒಳಗೆ ತೇಲಿಹೋಗಿ ಇಆರ್ ಎಂಬ ಕ್ಯಾಲ್ಸಿಯಂ ಉಗ್ರಾಣವನ್ನು ತೆರೆಸುತ್ತದೆ. 1983ರಲ್ಲಿ ಇದನ್ನು ತೋರಿಸಿದ್ದು ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿ.

ಸೀನಿಯರ್ ಅಕ್ಕ ಹಿಂದೆ ನಿಂತು ನೋಡಿದರು. "ಕೊಡಪಾನ ಕವಿಚಿದ ಹಾಗೆ ಹಾಕ್ತೀಯಲ್ಲ ಮಾರಾಯ್ತಿ, ಮೆಲ್ಲ ಬಿಡು." ತಪ್ಪು ಅಲ್ಲೇ ಇತ್ತು. ದ್ರವದ ರಭಸಕ್ಕೆ ಕೋಶಗಳು ತಮ್ಮ ಶಕ್ತಿಯ ಅಣು ಎಟಿಪಿಯನ್ನು ಹೊರಬಿಡುತ್ತವೆ. ಅದು ಅಕ್ಕಪಕ್ಕದ ಕೋಶಗಳ ಬಾಗಿಲು ತಟ್ಟಿ, ಅದೇ ಐಪಿ3 ದಾರಿ ಹಿಡಿಯುತ್ತದೆ. ಎಟಿಪಿ ಮುರಿಯುವ ಅಪೈರೇಸ್ ಹಾಕಿ ನೋಡಿದೆ. ಬಫರ್‌ನ ಮಿನುಗು ಹೆಚ್ಚುಕಮ್ಮಿ ನಿಂತೇ ಹೋಯಿತು.

ಅಂದಿನಿಂದ ತೊಟ್ಟು ಹಿಸ್ಟಮಿನ್ ಹಾಕಿ ಕಲಕುವುದನ್ನು ಬಿಟ್ಟೆ. ಡಿಶ್‌ನಲ್ಲಿರುವಷ್ಟೇ ಬಫರ್‌ನಲ್ಲಿ ಎರಡು ಪಟ್ಟು ಗಟ್ಟಿಯಾಗಿ ಬೆರೆಸಿ, ಡಿಶ್‌ನ ಅಂಚಿಗೆ ಪಿಪೆಟ್‌ನ ತುದಿ ತಾಗಿಸಿ ನಿಧಾನ ಇಳಿಸುತ್ತೇನೆ.

ಆಮೇಲೆ ನಿಜವಾದ ಪ್ರಶ್ನೆ. ಸುಮ್ನೆ ಇರುವ ಕೋಶದೊಳಗೆ ಕ್ಯಾಲ್ಸಿಯಂ ಸುಮಾರು 100 ನ್ಯಾನೊಮೋಲಾರ್, ಹೊರಗೆ ಅದರ 10,000 ಪಟ್ಟಿಗೂ ಜಾಸ್ತಿ. ಹೊರಗಿಂದಲೇ ನುಗ್ಗಿರಬಹುದಲ್ವಾ? ಅನ್ನ ಆಗಿದೆ, ಸರಿ. ಅಕ್ಕಿ ಅಂಗಡಿಯದ್ದಾ, ಅಟ್ಟದ ಮುಡಿಯದ್ದಾ? ಅಂಗಡಿ ಅಂದರೆ ಹೊರಗಿನ ಬಫರ್, ಅಟ್ಟ ಅಂದರೆ ಇಆರ್. ಅಂಗಡಿ ಮುಚ್ಚಿಸಿ ನೋಡಬೇಕು. ಕ್ಯಾಲ್ಸಿಯಂ ಇಲ್ಲದ ಬಫರ್‌ಗೆ, ಅಳಿದುಳಿದ ಕ್ಯಾಲ್ಸಿಯಂ ಹಿಡಿದಿಡುವ ಇಜಿಟಿಎ ಸೇರಿಸಿದೆ. ಅದರಲ್ಲಿ ಕೋಶಗಳನ್ನು ತುಂಬ ಹೊತ್ತು ಇಡಬಾರದು, ಅಟ್ಟವೂ ಸೋರಿ ಖಾಲಿಯಾಗುತ್ತದೆ. ಹಿಸ್ಟಮಿನ್ ಬಿಟ್ಟಾಗ ಹೊಳಪಿನ ಗ್ರಾಫ್‌ನಲ್ಲಿ ಗೆರೆಯ ಮೊದಲ ಏರು ಹಾಗೇ ಇತ್ತು. ಹಿಂದೆ ಬರುವ ಉದ್ದ ಬಾಲ ಮಾತ್ರ ಮಾಯ. ಬಾಲ ಅಂಗಡಿಯದ್ದು, ಏರು ಅಟ್ಟದ್ದು.

ಕೊನೆಗೆ ಥಾಪ್ಸಿಗಾರ್ಜಿನ್. ಉಗ್ರಾಣ ತುಂಬುವ ಪಂಪನ್ನು ಅದು ನಿಲ್ಲಿಸುತ್ತದೆ. ಸೋರುವುದು ನಿಲ್ಲುವುದಿಲ್ಲ, ಹಾಗಾಗಿ ಅಟ್ಟ ಖಾಲಿ. ಹದಿನೈದು ನಿಮಿಷ ಕಾದು ಹಿಸ್ಟಮಿನ್ ಇಳಿಸಿದೆ. ಗೆರೆ ಕದಲಲಿಲ್ಲ.

"ಬರೀ ಬಫರ್ ಹಾಕಿದ್ದಲ್ಲ ತಾನೇ?" ಅಂದರು ಅಕ್ಕ. ಟ್ಯೂಬ್ ಎತ್ತಿ ತೋರಿಸಿದೆ.