ಮಗುವಿಗೆ ಹಲ್ಲಿನ ಪ್ಲೇಟ್ ಕೊಟ್ಟಿದ್ದಾರಾ? ತಂತಿ ಬಗ್ಗಿಸುವವನ ಮಾತು ಕೇಳಿ

ರಾಯಚೂರಿನ ಹಲ್ಲಿನ ಲ್ಯಾಬ್ ಒಂದರಲ್ಲಿ ಹದಿನೆಂಟು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಡಾಕ್ಟರು ಬಾಯಿಯ ಅಚ್ಚು ಕಳಿಸುತ್ತಾರೆ. ನಾನು ತಂತಿ ಬಗ್ಗಿಸಿ, ಅಕ್ರಿಲಿಕ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಹಾಕಿ, ಹಲ್ಲು ಸರಿಪಡಿಸುವ ಪ್ಲೇಟ್ ಮಾಡಿ ಕೊಡುತ್ತೇನೆ. ನಾನು ಡಾಕ್ಟರಲ್ಲ. ಆದರೆ ಮುರಿದು ವಾಪಸ್ ಬಂದ ಪ್ಲೇಟ್ ನೋಡಿದರೆ ಆ ಮನೆಯಲ್ಲಿ ಏನು ನಡೆದಿದೆ ಅಂತ ಹೆಚ್ಚುಕಡಿಮೆ ಹೇಳಬಲ್ಲೆ.

ಮೊದಲು ಒಂದು ಮಾತು. ಹಲ್ಲಿಗೆ ಅಂಟಿಸುವ ಕ್ಲಿಪ್ ಬೇರೆ, ಈ ತೆಗೆದು ಹಾಕುವ ಪ್ಲೇಟ್ ಬೇರೆ. ಹಸಿ ಮಣ್ಣಿನಲ್ಲಿ ನೆಟ್ಟ ಗೂಟದ ತಲೆಯನ್ನು ತಳ್ಳಿ ನೋಡಿ. ಗೂಟ ವಾಲುತ್ತದೆ, ನೆಟ್ಟ ಜಾಗ ಬಿಟ್ಟು ಕದಲುವುದಿಲ್ಲ. ಪ್ಲೇಟ್ ಮಾಡುವುದೂ ಇಷ್ಟೇ, ಹಲ್ಲನ್ನು ವಾಲಿಸುತ್ತದೆ. ಹಾಗಾಗಿ ಎಂಟೊಂಬತ್ತು ವರ್ಷದ ಮಗುವಿನ ಮೇಲಿನ ಹಲ್ಲೊಂದು ಕೆಳಗಿನ ಹಲ್ಲಿನ ಹಿಂದೆ ಬಂದಿದ್ದರೆ, ಮುಂದೆ ಬರಲು ಜಾಗವೂ ಇದ್ದರೆ, ಪ್ಲೇಟ್ ಚೆನ್ನಾಗಿ ಕೆಲಸ ಮಾಡುತ್ತದೆ. ಮೇಲಿನ ದವಡೆ ಸ್ವಲ್ಪ ಇಕ್ಕಟ್ಟಾಗಿದ್ದರೆ ಅಗಲಿಸಲು, ಬೆರಳು ಚೀಪುವ ಚಟ ಬಿಡಿಸಲು, ಅಂಟಿಸಿದ ಕ್ಲಿಪ್ ತೆಗೆದ ಮೇಲೆ ಹಲ್ಲು ಹಳೇ ಜಾಗಕ್ಕೆ ಓಡದಂತೆ ಹಿಡಿಯಲು ಕೂಡ ಸರಿ.

ಪೂರ್ತಿ ತಿರುಚಿಕೊಂಡ ಹಲ್ಲು, ಒಂದರ ಮೇಲೊಂದು ಹತ್ತಿ ಕೂತ ನಾಲ್ಕಾರು ಹಲ್ಲು, ಬೇರು ಸಮೇತ ಸರಿಸಬೇಕಾದ ಹಲ್ಲು ಇದರ ಕೈಗೆ ಸಿಗುವುದಿಲ್ಲ. ಕೆಳದವಡೆಗೆ ಹಾಕುವ ಪ್ಲೇಟಂತೂ ನಾಲಿಗೆಗೆ ಅಡ್ಡ ಬರುತ್ತದೆ, ಮಕ್ಕಳು ಬೇಗ ಬೇಸರಪಡುತ್ತಾರೆ. ಇನ್ನೊಂದು ವಿಷಯ. ನಮ್ಮ ರಾಯಚೂರು, ಕೊಪ್ಪಳ ಕಡೆ ಎಷ್ಟೋ ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಇರುತ್ತದೆ. ಪ್ಲೇಟ್ ಹಾಕಿದರೆ ಕಲೆಯೂ ಹೋಗುತ್ತದಾ ಅಂತ ಕೇಳುತ್ತಾರೆ. ಹೋಗುವುದಿಲ್ಲ. ಅದಕ್ಕೆ ಬೇರೆ ಚಿಕಿತ್ಸೆ ಇದೆ.

ಇನ್ನು ಬಳಸುವ ಬಗೆ. ಎರಡೂ ಕೈ ಬೆರಳಿನಿಂದ ಒತ್ತಿ ಕೂರಿಸಬೇಕು. ಮಕ್ಕಳು ಬಾಯಿಗೆ ತೂರಿಸಿಕೊಂಡು ಹಲ್ಲಿನಿಂದ ಕಟ್ ಅಂತ ಕಚ್ಚಿ ಕೂರಿಸುತ್ತಾರೆ. ನನ್ನ ಹತ್ತಿರ ಬರುವ ಬಿರುಕುಗಳಲ್ಲಿ ಅರ್ಧ ಅಲ್ಲಿಂದಲೇ. ತೆಗೆಯುವಾಗ ದವಡೆ ಹಲ್ಲು ಹಿಡಿದಿರುವ ಕೊಕ್ಕೆಗೆ ಉಗುರು ಹಾಕಿ ಎಳೆಯಿರಿ, ಮುಂದಿನ ಉದ್ದ ತಂತಿಯನ್ನು ಹಿಡಿದು ಎಳೆಯಬೇಡಿ. ಕೊಕ್ಕೆಗೆ ನಾನು 0.7 ಮಿ.ಮೀ. ತಂತಿ ಹಾಕುತ್ತೇನೆ, ಅದು ತಡೆಯುತ್ತದೆ. ಹಲ್ಲು ತಳ್ಳುವ ಸ್ಪ್ರಿಂಗ್ ಬರೀ 0.5. ನಾಲಿಗೆಯಲ್ಲಿ ಸುಮ್ನೆ ಆಡಿಸುತ್ತಾ ಕೂತರೂ ಸೊಟ್ಟಗಾಗುತ್ತದೆ.

ಪ್ಲೇಟಿನ ನಡುವೆ ಸ್ಕ್ರೂ ಇದ್ದರೆ ಕೀಲಿ ಕೊಟ್ಟಿರುತ್ತಾರೆ. ಬಾಣದ ಗುರುತಿನ ಕಡೆಗೆ ಕಾಲು ಸುತ್ತು. ಒಂದು ಸಲಕ್ಕೆ ಅಗಲವಾಗುವುದು ಸುಮಾರು 0.2 ಮಿ.ಮೀ., ಎರಡು ಮೂರು ಕೂದಲೆಳೆ ಸೇರಿಸಿದಷ್ಟು. ವಾರಕ್ಕೆ ಎಷ್ಟು ಸಲ ಅನ್ನುವುದು ಡಾಕ್ಟರು ಹೇಳಿದಷ್ಟೇ. ಹಬ್ಬಕ್ಕೆ ಊರಿಗೆ ಹೋಗಿ ತಿರುಗಿಸಲು ಮರೆತಿರಿ ಅಂತ ಬಂದು ಎರಡು ಸಲ ಒಟ್ಟಿಗೆ ತಿರುಗಿಸಬೇಡಿ, ಪ್ಲೇಟ್ ಬಾಯಲ್ಲಿ ಕೂರುವುದೇ ಇಲ್ಲ. ಸ್ಪ್ರಿಂಗ್ ಪ್ಲೇಟಾದರೆ ಹಲ್ಲು ತಿಂಗಳಿಗೆ ಸುಮಾರು 1 ಮಿ.ಮೀ. ಸರಿಯುತ್ತದೆ. ಮನೆಯಲ್ಲಿ ಇಕ್ಕಳ ಹಿಡಿದು ಬಿಗಿ ಮಾಡಿದರೆ ಬೇಗ ಆಗುವುದಿಲ್ಲ, ಹಲ್ಲು ನೋಯುತ್ತದೆ ಅಷ್ಟೇ.

ಮೊದಲ ವಾರ ಜೊಲ್ಲು ಸುರಿಯುತ್ತದೆ, ‘ಸ’ ಅನ್ನಲು ಹೋದರೆ ‘ಶ’ ಬರುತ್ತದೆ. ದಿನಾ ಹತ್ತು ನಿಮಿಷ ಪೇಪರನ್ನು ಜೋರಾಗಿ ಓದಿಸಿ. ತಿಂಗಳಾದರೂ ಮಾತು ತೊದಲುತ್ತಿದ್ದರೆ ಮಗು ಪ್ಲೇಟ್ ಹಾಕುತ್ತಿಲ್ಲ ಅಂತಲೇ ಅನುಮಾನಪಡಿ. ಎರಡು ತಿಂಗಳು ಕಳೆದರೂ ಪ್ಲೇಟ್ ಮೊದಲ ದಿನದಷ್ಟೇ ಹೊಳೆಯುತ್ತಿದ್ದರೂ ಅಷ್ಟೇ. ಬಾಯಲ್ಲಿದ್ದ ಪ್ಲೇಟಿಗೆ ಹಲ್ಲಿನ ಗುರುತು ಬಿದ್ದೇ ಬೀಳುತ್ತದೆ.

ಊಟದ ಹೊತ್ತಿಗೆ ತೆಗೆಯಬೇಕೋ ಬೇಡವೋ ಅನ್ನುವುದು ಪ್ಲೇಟಿನ ಮೇಲಿದೆ, ಡಾಕ್ಟರನ್ನು ಕೇಳಿ. ಹಾಕಿಕೊಂಡೇ ತಿನ್ನಿ ಅಂದಿದ್ದರೂ ಖಡಕ್ ರೊಟ್ಟಿ, ಶೇಂಗಾ ಚಿಕ್ಕಿ, ಕಬ್ಬು ಸದ್ಯಕ್ಕೆ ಬೇಡ. ತೊಳೆಯಲು ತಣ್ಣೀರು, ಮೆತ್ತನೆಯ ಬ್ರಶ್, ಸ್ವಲ್ಪ ಸೋಪು ಸಾಕು. ನನ್ನ ಅಕ್ಕ ಮಗನ ಪ್ಲೇಟನ್ನು ಹಾಲಿನ ಬಾಟಲಿಯಂತೆ ಕುದಿಯುವ ನೀರಿಗೆ ಹಾಕಿದ್ದಳು. ಅದು ಮತ್ತೆ ಅವನ ಬಾಯಿಗೆ ಕೂರಲಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೂ ಬಿಡಬೇಡಿ. ಬಾಯಲ್ಲಿ ಇಲ್ಲದಾಗ ನೀರು ಹಾಕಿದ ಡಬ್ಬಿಯಲ್ಲಿರಲಿ.

ಡಬ್ಬಿ ಅಂದೆ, ಕಾಗದ ಅಲ್ಲ. ಅದೇ ಅಕ್ಕನ ಮಗ ಮಾನ್ವಿ ಊರಿನ ಒಂದು ಮದುವೆಯಲ್ಲಿ ಹೊಸ ಪ್ಲೇಟನ್ನು ಕಾಗದದಲ್ಲಿ ಸುತ್ತಿ ಬಾಳೆಎಲೆಯ ಪಕ್ಕ ಇಟ್ಟಿದ್ದ. ಸಂಜೆ ಫೋನ್ ಮಾಡಿ, “ಮಾಮಾ, ಎಲಿ ಜೊತಿ ಹೋತು” ಅಂದ. ಮತ್ತೆ ಡಾಕ್ಟರ ಹತ್ತಿರ ಹೋಗಿ ಅಚ್ಚು ತೆಗೆಸಿದ್ದಾಯಿತು. ಆ ಸಲ ಗುಲಾಬಿ ಬಿಟ್ಟು ಗಿಳಿ ಹಸಿರು ಬಣ್ಣದ ಅಕ್ರಿಲಿಕ್ ಹಾಕೋಣ ಅಂತ ತೆಗೆದಿದ್ದೆ. ಆಮೇಲೆ ಬಾಳೆಎಲೆ ನೆನಪಾಗಿ, ಕೆಂಪು ಹಾಕಿದೆ.