ಒಂದೇ ಲೈಸೇಟ್, ಎರಡು ಪ್ಲೇಟ್: ಪಿ4 ಕಳ್ಳತನ ನೋಡಿದ ನನ್ನ ಅನುಭವ

ಮೈಸೂರಿನಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಮೈಕ್ರೋಬಯಾಲಜಿ ಪ್ರಾಕ್ಟಿಕಲ್ ಮಾಡಿಸುತ್ತೇನೆ. ಕುಕ್ಕರಹಳ್ಳಿ ಕೆರೆಯ ನೀರು ತಂದು ಫೇಜ್, ಅಂದರೆ ಬ್ಯಾಕ್ಟೀರಿಯಾಕ್ಕೆ ಹತ್ತುವ ವೈರಸ್, ಹುಡುಕುವುದು ನಮ್ಮಲ್ಲಿ ಮಾಮೂಲಿ. ಫೇಜ್‌ನಿಂದಲೇ ಕದಿಯುವ ಪುಟ್ಟ ವೈರಸ್ ಪಿ4 ಅನ್ನು ಅವರಿಗೆ ತೋರಿಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಪಿ4 ಡಿಎನ್‌ಎ ಸುಮಾರು 11,600 ಬೇಸ್ ಜೋಡಿ, ಅಷ್ಟೇ. ತನ್ನ ನಕಲು ಮಾಡಿಕೊಳ್ಳುವ ಜೀನ್ ಇದೆ. ತಲೆ (ಡಿಎನ್‌ಎ ತುಂಬುವ ಚಿಪ್ಪು), ಬಾಲ (ಬ್ಯಾಕ್ಟೀರಿಯಾಕ್ಕೆ ಅಂಟುವ ಭಾಗ) ಕಟ್ಟುವ ಜೀನ್ ಇಲ್ಲ. ಅವೆಲ್ಲ ಪಿ2 ಎಂಬ ಫೇಜ್‌ನದು. ಎರಿಕ್ ಸಿಕ್ಸ್ 1963ರಲ್ಲೇ ಇದನ್ನು ವರದಿ ಮಾಡಿದ್ದರು.

ಇ. ಕೋಲೈ ಬ್ಯಾಕ್ಟೀರಿಯಾದ ಸಿ ತಳಿಯನ್ನು ಎರಡು ಬಗೆಯಲ್ಲಿ ಬೆಳೆಸಿದೆ. ಒಂದು ಬರೀ ಸಿ. ಇನ್ನೊಂದರ ಕ್ರೋಮೋಸೋಮ್‌ನಲ್ಲಿ ಪಿ2 ಸುಮ್ನೆ ಮಲಗಿದೆ. ಎರಡನ್ನೂ ಬೇರೆ ಬೇರೆ ಮೆದು ಅಗಾರ್‌ಗೆ ಬೆರೆಸಿ ಪ್ಲೇಟ್‌ಗೆ ಸುರಿದು, ಮೇಲೆ ಅದೇ ಪಿ4 ಲೈಸೇಟ್, ಅಂದರೆ ಬ್ಯಾಕ್ಟೀರಿಯಾ ಒಡೆದು ಸಿಕ್ಕ ಪಿ4 ಇರುವ ದ್ರವ, ಹಾಕಿದೆ. ಕ್ಯಾಲ್ಸಿಯಂ ಕ್ಲೋರೈಡ್ ಬೇಕೇ ಬೇಕು. ಅದಿಲ್ಲದೆ ಪಿ2 ಬಾಲ ಸರಿಯಾಗಿ ಅಂಟುವುದಿಲ್ಲ, ಪಿ4 ತೊಟ್ಟಿರುವುದೂ ಅದೇ ಬಾಲ. ಲೈಸೇಟ್‌ನಲ್ಲಿ ಸ್ವಲ್ಪ ಪಿ2 ಕೂಡ ಇರುತ್ತದೆ, ಅದು ಬರೀ ಸಿಯನ್ನೂ ಕೊಲ್ಲಬಲ್ಲದು, ಹಾಗಾಗಿ ಜಾಸ್ತಿ ಡೈಲ್ಯೂಟ್ ಮಾಡಿಯೇ ಹಾಕಬೇಕು. ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಟ್ಟೆ.

ಬರೀ ಸಿ ಪ್ಲೇಟ್‌ನಲ್ಲಿ ಬ್ಯಾಕ್ಟೀರಿಯಾ ತುಂಬಿಕೊಂಡಿತ್ತು. ಪಿ2 ಇದ್ದ ಪ್ಲೇಟ್‌ನಲ್ಲಿ ಪ್ಲಾಕ್‌ಗಳು, ಅಂದರೆ ಬ್ಯಾಕ್ಟೀರಿಯಾ ಸತ್ತು ಬರಿದಾದ ಚುಕ್ಕೆಗಳು.

"ಸಾರ್, ಒಳಗೆ ಪಿ2 ಇದ್ದರೆ ಅದೇ ಕಾವಲು ಅಲ್ವಾ? ಅಲ್ಲೇ ಯಾಕೆ ಸತ್ತವು?" ಅಂತ ಒಬ್ಬಳು ಕೇಳಿದಳು. ಎಷ್ಟು ಒಳ್ಳೆಯ ಪ್ರಶ್ನೆ! ಆ ಕಾವಲು ಇನ್ನೊಂದು ಪಿ2 ಬಂದರೆ ಮಾತ್ರ. ಪಿ4 ತನ್ನ ಎಪ್ಸಿಲಾನ್ ಪ್ರೋಟೀನ್‌ನಿಂದ ಪಿ2 ಅನ್ನು ಮಲಗಿಸಿಟ್ಟಿರುವ ರಿಪ್ರೆಸರ್ ಪ್ರೋಟೀನ್ ಅನ್ನೇ ಹಿಡಿದುಬಿಡುತ್ತದೆ. ಮಲಗಿದ್ದ ಪಿ2 ಎದ್ದು ತಲೆ, ಬಾಲ ತಯಾರಿಸತೊಡಗುತ್ತದೆ.

ಮುಂದಿನದು ನನಗೆ ಅತಿ ಇಷ್ಟ. ಪಿ2 ತಲೆ ಸುಮಾರು 60 ನ್ಯಾನೋಮೀಟರ್. ಪಿ4ನ ಸಿಡ್ ಪ್ರೋಟೀನ್ ಕಟ್ಟುತ್ತಿರುವ ತಲೆಯನ್ನು ಹೊರಗಿನಿಂದ ಪಂಜರದಂತೆ ಬಿಗಿದು 45ಕ್ಕೆ ಇಳಿಸುತ್ತದೆ. ಪಿ2ನ 33,000 ಬೇಸ್ ಜೋಡಿ ಅದರಲ್ಲಿ ಹಿಡಿಸುವುದಿಲ್ಲ, ಪಿ4ನದು ಹಿಡಿಸುತ್ತದೆ. ಸಿಡ್ ಕೆಟ್ಟ ಪಿ4 ಮ್ಯೂಟಂಟ್‌ಗಳೂ ಬದುಕುತ್ತವೆ: ದೊಡ್ಡ ತಲೆಯೊಳಗೇ ತಮ್ಮ ಎರಡು ಮೂರು ಪ್ರತಿ ತುಂಬಿಸಿಕೊಂಡು ಹೊರಡುತ್ತವೆ.

ಇದು ಇ. ಕೋಲೈಗೆ ಮಾತ್ರ ಸೀಮಿತವಲ್ಲ. ಸ್ಟ್ಯಾಫಿಲೋಕಾಕಸ್ ಆರಿಯಸ್‌ನಲ್ಲಿರುವ ಸ್ಯಾಪಿ1 ಎಂಬ ಡಿಎನ್‌ಎ ತುಣುಕು ಕೂಡ ಫೇಜ್ ತಲೆಯನ್ನು ಚಿಕ್ಕದು ಮಾಡಿಸುತ್ತದೆ. ಅದು ಹೊತ್ತು ಸಾಗಿಸುವುದು ಟಾಕ್ಸಿಕ್ ಶಾಕ್ ವಿಷದ ಜೀನ್. ಆ ತಳಿಯನ್ನು ನಾನು ಕ್ಲಾಸಿಗೆ ತರುವುದಿಲ್ಲ. ಪಿ4 ಪ್ಲೇಟ್ ಎದುರಿಗಿಟ್ಟುಕೊಂಡೇ ಅದರ ಪಾಠ ಮಾಡುತ್ತೇನೆ.